ಪ್ರಸ್ಥಾನಕ್ಕಿಟ್ಟ ಬ್ಯಾಗುಗಳು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಮದುವೆಯಾದಾಗಿನಿಂದ ಮನೆಯವರು ಇದನ್ನೇ ಹೇಳುತ್ತಿದ್ದಾರೆ. ಅನ್ನ ಬಡಿಸುತ್ತಲೇ ಫೋನ್ ಮಾಡುವವಳನ್ನು, ಫೋನ್ ಮಾಡುತ್ತಲೇ ಚಪ್ಪಲಿ ಹುಡುಕುವವಳನ್ನು ಅವರು ಬೇರೆಲ್ಲೂ ನೋಡಿಲ್ಲವಂತೆ. ನನ್ನ ಕಾಲಿಗೆ ಚಕ್ರ ಕಟ್ಟಿರುವ ವಿಷಯ ಇಲಾಖೆಗೂ ಹೇಗೋ ತಿಳಿದಿರಬೇಕು. ತರಗತಿಯಲ್ಲಿ ಪಾಠ ಮಾಡಿಕೊಂಡಿದ್ದವಳನ್ನು ಎಬ್ಬಿಸಿ ಸಿಆರ್‌ಪಿ ಮಾಡಿತು. ಅಂದರೆ ಕುಶಾಲನಗರದಿಂದ ಶಿರಂಗಾಲದ ಕಡೆಗಿರುವ ಒಂದಷ್ಟು ಸರ್ಕಾರಿ ಶಾಲೆಗಳನ್ನು ಸ್ಕೂಟರಿನಲ್ಲಿ ಸುತ್ತುತ್ತಾ, ಮೇಲಿನವರು ಹೇಳಿದ್ದನ್ನು ಮೇಷ್ಟ್ರುಗಳಿಗೂ ಮೇಷ್ಟ್ರುಗಳು ಹೇಳಿದ್ದನ್ನು ಮೇಲಿನವರಿಗೂ ಮುಟ್ಟಿಸುವ ಕೆಲಸ. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಬರುವ ಪ್ರತಿ ಸಂದೇಶದ ತಲೆಯ ಮೇಲೂ 'ಅತಿ ತುರ್ತು' ಎಂದಿರುತ್ತದೆ. ಶೌಚಾಲಯದ ಫೋಟೋ ಅತಿ ತುರ್ತು, ಬಿಸಿಯೂಟದ ಮೊಟ್ಟೆಯ ಲೆಕ್ಕವೂ ಅತಿ ತುರ್ತು.

ಆ ವರ್ಷ ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೇ ಒಂದು ನಿಜವಾದ ತುರ್ತು ಬಂತು. ನನ್ನ ಸುತ್ತಿನಲ್ಲಿದ್ದ ಅತಿ ಸಣ್ಣ ಶಾಲೆಯನ್ನು ನಾಲ್ಕು ಕಿಲೋಮೀಟರ್ ದೂರದ ದೊಡ್ಡ ಶಾಲೆಗೆ ಸೇರಿಸಬೇಕು ಎಂಬ ಆದೇಶ. ಅದರಲ್ಲಿ ಮುಚ್ಚುವುದು ಎನ್ನುವ ಪದ ಎಲ್ಲೂ ಇರಲಿಲ್ಲ. ವಿಲೀನ ಎಂದಿತ್ತು. ಅಳಿಯ ಅಲ್ಲ, ಮಗಳ ಗಂಡ. ಒಬ್ಬರೇ ಇದ್ದ ಮೇಷ್ಟ್ರಿಗೆ ಆಗಲೇ ಬೇರೆ ಊರು ತೋರಿಸಿಯಾಗಿತ್ತು. ಉಳಿದ ಏಳು ಮಕ್ಕಳನ್ನು, ಅವರ ಮನೆಯವರನ್ನು ಒಪ್ಪಿಸಿ ದೊಡ್ಡ ಶಾಲೆಗೆ ದಾಟಿಸುವ ಹೊಣೆ ನನ್ನ ತಲೆಗೆ ಬಂತು.

ಆ ಸಣ್ಣ ಶಾಲೆಯಿದ್ದ ಜಾಗವನ್ನು ಎಲ್ಲರೂ ಕಾಲನಿ ಎನ್ನುತ್ತಾರೆ. ಹಿಂದೆ ಹಾಸನದ ಕಡೆ ಅಣೆಕಟ್ಟೆಯ ನೀರು ಊರಿಗೆ ಬಂದಾಗ ಗಂಟುಮೂಟೆ ಕಟ್ಟಿಕೊಂಡು ಬಂದವರಿಗೆ ಸರ್ಕಾರ ಇಲ್ಲಿ ಜಾಗ ಕೊಟ್ಟಿತ್ತು. ಈಗ ಅವರ ಮಕ್ಕಳು ಗದ್ದೆ ಮಾಡುತ್ತಾರೆ, ಶುಂಠಿ ಹಾಕುತ್ತಾರೆ, ಜೋಳ ಬಿತ್ತುತ್ತಾರೆ. ಕಾಲನಿಯಲ್ಲಿ ಮಕ್ಕಳಿಗೇನೂ ಬರವಿರಲಿಲ್ಲ. ಬೆಳಿಗ್ಗೆ ಖಾಸಗಿ ಶಾಲೆಯ ಹಳದಿ ಬಸ್ಸು ಬಂದು ಟೈ ಕಟ್ಟಿದವರನ್ನೆಲ್ಲ ತುಂಬಿಕೊಂಡು ಹೋದ ಮೇಲೆ ಉಳಿಯುತ್ತಿದ್ದವರು ಏಳು ಜನ. ಆ ಬಸ್ಸನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಮಗನೂ ಅಂಥದೇ ಬಸ್ಸಿನಲ್ಲಿ ಓದಿ ಬಂದವನಲ್ಲವೇ ಎಂದು ಮನೆಯವರು ಕೇಳಿದಾಗ ಇನ್ನೂ ಸ್ವಲ್ಪ ಜಾಸ್ತಿ ಉರಿಯುತ್ತಿತ್ತು.

ನನ್ನ ಕೈಯಲ್ಲಿದ್ದ ಒಂದೇ ಆಸರೆ ಒಂದು ವ್ಯಾನು. ದೊಡ್ಡ ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಅದನ್ನು ಹೊಂದಿಸಿದ್ದರು. ಕಾಲನಿಗೆ ಬರಲು ಅವರೇನೋ ಒಪ್ಪಿದರು, ಆದರೆ ಮೊದಲ ಮೂರು ದಿನ ಖಾಲಿ ಓಡಿದರೆ ವ್ಯಾನನ್ನು ಇನ್ನೊಂದು ಊರಿನ ಕಡೆ ತಿರುಗಿಸುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿದ್ದರು. ಅಲ್ಲಿಯೂ ಮಕ್ಕಳು ನಡೆದು ಬರುತ್ತಿದ್ದರು, ಅವರು ಹೇಳಿದ್ದು ತಪ್ಪಲ್ಲ. ವ್ಯಾನು ಇಲ್ಲದಿದ್ದರೆ ಕಾಲನಿಯ ಮಕ್ಕಳಿಗೆ ಇದ್ದದ್ದು ಹೆದ್ದಾರಿ. ಶುಂಠಿ ತುಂಬಿದ ಲಾರಿಗಳು, ಪ್ರವಾಸಿಗರ ಕಾರುಗಳು ಒಂದರ ಬಾಲ ಒಂದು ಹಿಡಿದುಕೊಂಡು ಓಡುವ ಆ ರಸ್ತೆಯಲ್ಲಿ ಸ್ಕೂಟರು ಓಡಿಸಲು ನನಗೇ ಭಯ.

ಏಳು ಮನೆಗೂ ಹೋದೆ. ಎಲ್ಲ ಕಡೆ ಕಾಫಿ ಕೊಟ್ಟರು. ಎಲ್ಲ ಕಡೆ "ಆಗ್ಲಿ ಬುಡಿ ಮೇಡಮ್ಮ, ಕಳ್ಸಾನ" ಎಂದರು. ಈ ಕಡೆಯ ಜನ ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನುವುದಿಲ್ಲ. 'ಕಳ್ಸಾನ' ಎಂದರೆ ಕಳಿಸುತ್ತೇವೆ ಎಂದೂ ಆಗಬಹುದು, ನೀವು ಮೊದಲು ಹೊರಡಿ ಎಂದೂ ಆಗಬಹುದು. ಮೂರನೆಯ ಮನೆಯ ಹೊತ್ತಿಗೆ ನನಗೆ ಇನ್ನೊಂದು ಸಂಗತಿ ಗೊತ್ತಾಯಿತು. ಪ್ರತಿ ಮನೆಯಲ್ಲೂ ಕಾಫಿ ಲೋಟ ವಾಪಸು ಕೊಡುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅಜ್ಜಿ ಮನೇಲಿ ಏನಂದ್ರು?"

ಅಜ್ಜಿ ಎಂದರೆ ಕಾಲನಿಗೆಲ್ಲ ಹಿರಿಯರು. ಅವರ ಮನೆ ಶಾಲೆಯ ಎದುರಿಗೇ ಇತ್ತು. ಗಂಡ ಹೆಚ್ಚು ಮಾತಾಡದ ಮುದುಕ, ಬೆಳಿಗ್ಗೆ ದನ ಹೊಡೆದುಕೊಂಡು ಹೋದರೆ ಮಧ್ಯಾಹ್ನ ಕಾಣಿಸುವವರು. ಮಗ ಹಾವೇರಿಯ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯಲು ಹೋದವನು ಹಬ್ಬಕ್ಕೆ ಬರುತ್ತಿದ್ದ. ಸೊಸೆ ಹತ್ತಿರದ ರೆಸಾರ್ಟೊಂದರಲ್ಲಿ ರೂಮು ಗುಡಿಸಿ ಹಾಸಿಗೆ ಬದಲಿಸುವ ಕೆಲಸಕ್ಕಿದ್ದಳು. ಬೆಳಗಾಗುತ್ತಲೇ ರೆಸಾರ್ಟಿನ ಜೀಪು ಬಂದು ಕರೆದುಕೊಂಡು ಹೋಗುತ್ತಿತ್ತು. ಹಾಗಾಗಿ ನಾಲ್ಕನೇ ತರಗತಿಯ ಮೊಮ್ಮಗಳಿಗೆ ತಲೆ ಬಾಚುವುದರಿಂದ ಹಿಡಿದು ಎಲ್ಲವೂ ಅಜ್ಜಿಯೇ.

ಮೊಮ್ಮಗಳು ನನ್ನ ಜಾತಿಯವಳು, ನಿಂತಲ್ಲಿ ನಿಲ್ಲುವವಳಲ್ಲ. ಹಳೆಯ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಅವಳೊಬ್ಬಳೇ.

"ಮಿಸ್, ನಾನೇ ಫಸ್ಟು, ನಾನೇ ಲಾಸ್ಟು. ಅಲ್ಲಿ ನಾಲ್ಕನೇ ಕ್ಲಾಸಲ್ಲಿ ಎಷ್ಟ್ ಜನ ಅವ್ರೆ?" ಎಂದು ಕೇಳಿದಳು.

ತುಂಬಾ ಜನ ಎಂದೆ.

"ಹುಡ್ಗೀರು?"

ಇದ್ದಾರೆ ಎಂದೆ. ಅವಳು ಜಗಲಿಯಿಂದ ಅಂಗಳಕ್ಕೆ ಹಾರಿ, ಮತ್ತೆ ಜಗಲಿ ಹತ್ತಿ, ಮತ್ತೆ ಹಾರಿದಳು.

ಅಜ್ಜಿ ರಾಗಿ ಕೇರುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟರು. "ಯಾವತ್ತಿಂದ ಮೇಡಮ್ಮ?"

"ವ್ಯಾನು ಓಡಿಸೋಕೆ ಆರ್‌ಟಿಓದಲ್ಲಿ ಎಫ್‌ಸಿ ಆಗಬೇಕು ಅಜ್ಜಿ. ಬರೋ ಸೋಮವಾರದಿಂದ."

ಅಜ್ಜಿ ಬೆರಳು ಮಡಿಸಿ ಎಣಿಸಿದರು. "ಗುರುವಾರ ಅಮಾಸೆ. ಅಲ್ಲಿಗೆ ಆಷಾಢ ಹತ್ಕತದೆ. ಆಷಾಢದಾಗೆ ಹೊಸ ಹೊಸ್ಲು ತುಳ್ಸಾದಿಲ್ಲ ಮೇಡಮ್ಮ. ಸ್ರಾವಣಕ್ಕೆ ನೋಡಾನ."

ಆಷಾಢ ನನಗೇನೂ ಹೊಸದಲ್ಲ. ಅರೆಭಾಷೆ ಮಾತಾಡುವ ನಮ್ಮ ಮನೆಗಳಲ್ಲೂ ಆ ಮಳೆಗಾಲದ ತಿಂಗಳಲ್ಲಿ ಮದುವೆ ಇಲ್ಲ, ಮನೆ ಒಕ್ಕಲಿಲ್ಲ. ಆದರೆ ಇದು ಶಾಲೆ ಕಣಜ್ಜಿ, ಮದುವೆಯಲ್ಲ ಎಂದೆ. ಒಂದು ತಿಂಗಳು ವ್ಯಾನು ಕಾಯುವುದಿಲ್ಲ ಎಂದೆ. ಅಜ್ಜಿ ಅದಕ್ಕೂ ದಾರಿ ನೋಡಿಕೊಂಡಿದ್ದರು.

"ಕಾಯ್ದಿದ್ರೆ ಬುಡ್ಲಿ. ಪಿರಿಯಾಪಟ್ಟಣದಾಗೆ ನನ್ ಮಗಳಿಲ್ವಾ? ಅವಳ ಮನೆ ಮುಂದ್ಲೇ ಇಸ್ಕೂಲು. ಸ್ರಾವಣದಾಗೆ ಅಲ್ಲಿಗೆ ಕಳ್ಸಿದ್ರಾಯ್ತು. ಅತ್ತೆ ಮನೆ, ಬ್ಯಾರೆ ಮನೆ ಅಲ್ವಲ್ಲ."

ಸೊಸೆಗೆ ಅವತ್ತು ವಾರದ ರಜೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಸ್ಕೂಟರಿಗೆ ಕೀ ಹಾಕುವಾಗ ಸೊಪ್ಪು ಕೀಳುವ ನೆಪದಲ್ಲಿ ಹಿತ್ತಲಿನಿಂದ ಸುತ್ತಿ ಬಂದಳು.

"ಮೇಡಂ, ನಾನೂ ಚಿಕ್ಕಮ್ಮನ ಮನೇಲಿ ಓದ್ದೋಳು," ಎಂದಳು. "ಹೊಡೀಲಿಲ್ಲ, ಬಡೀಲಿಲ್ಲ, ಚೆನ್ನಾಗೇ ನೋಡ್ಕಂಡ್ರು. ಆದ್ರೆ ಎರಡ್ನೇ ಸಲ ಅನ್ನ ಕೇಳಕ್ಕೆ ನಂಗೆ ಬಾಯೇ ಬತ್ತಿರ್ಲಿಲ್ಲ. ಇವಳು ಮೂರ್ ಸಲ ಹಾಕುಸ್ಕಂಡು ತಿನ್ನೋಳು ಮೇಡಂ."

ನೀವೇ ಅತ್ತೆಗೆ ಹೇಳಬಾರದಾ ಎಂದು ಕೇಳಿದೆ.

"ಮದ್ವೆಯಾಗಿ ಬಂದಾಗಿಂದ ಅತ್ತೆ ಮಾತಿಗೆ ಎದುರಾಡಿಲ್ಲ. ನನ್ ಬಾಣಂತನಾನೂ ಅವರೇ ಮಾಡಿದ್ದು. ನೀವೇ ಏನಾದ್ರೂ ಮಾಡಿ."

ಮನೆಗೆ ಬಂದರೆ ಕೈ ಕಾಲು ನಿಲ್ಲಲಿಲ್ಲ. ಅಜ್ಜಿಯ ಮೇಲೆ ಸಿಟ್ಟು, ಆದೇಶ ಬರೆದವರ ಮೇಲೆ ಸಿಟ್ಟು, ಪಂಚಾಂಗದ ಮೇಲೂ ಸಿಟ್ಟು. ಆ ಹುಡುಗಿ ಇನ್ನೊಬ್ಬರ ಮನೆಯ ತಟ್ಟೆಯ ಮುಂದೆ ಸುಮ್ಮನೆ ಕೂತಿರುವುದು ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು. ಏಳು ಮಕ್ಕಳ ಪೈಕಿ ಅವಳೊಬ್ಬಳ ಬಗ್ಗೆಯೇ ಯಾಕೆ ಇಷ್ಟು ಒದ್ದಾಡುತ್ತೀ ಎಂದು ಮನೆಯವರು ಕೇಳಿದರು. ಅವಳು ಹತ್ತದಿದ್ದರೆ ಉಳಿದ ಆರು ಮಕ್ಕಳೂ ಹತ್ತುವುದಿಲ್ಲ ಎಂದೆ. ಅದು ನಿಜವೇ, ಆದರೆ ನಾನು ಒದ್ದಾಡಿದ್ದು ಅದಕ್ಕಲ್ಲ.

ಮಾರನೆಯ ದಿನ ಮಂಗಳವಾರ ಮತ್ತೆ ಹೋದೆ. ದೊಡ್ಡ ಶಾಲೆಯಲ್ಲಿ ಮಕ್ಕಳನ್ನು ಸೇರಿಸಿಕೊಳ್ಳಲು ಇನ್ನೂ ಕಾಗದಪತ್ರ ಆಗಿರಲಿಲ್ಲ, ಸೋಮವಾರದ ಮುಂಚೆ ಆಗುವ ಹಾಗೂ ಇರಲಿಲ್ಲ. ಏನು ಹೇಳಬೇಕು ಎಂದು ತೋಚದೆ ಹೋಗಿದ್ದೆ. ಅಜ್ಜಿಯೇ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತು, "ನಿಮ್ ಒದ್ದಾಟ ನೋಡಕ್ಕಾಗಕಿಲ್ಲ. ಒಂದ್ ದಾರಿ ಅದೆ. ನಾಳೆ ಬುಧವಾರ ದಿನ ಚೆಂದಾಗದೆ. ಪರಸ್ತಾನ ಮಡಗ್ಬುಡಾನ," ಎಂದರು.

ಪುಸ್ತಕದಲ್ಲಿ ಪ್ರಸ್ಥಾನ, ಅಜ್ಜಿಯ ಬಾಯಲ್ಲಿ ಪರಸ್ತಾನ. ಹಿಂದಿನವರು ದೂರ ಪ್ರಯಾಣ ಹೊರಡುವಾಗ, ಹೊರಡಬೇಕಾದ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಂದು ಒಳ್ಳೆಯ ದಿನ ತಮ್ಮ ಸಾಮಾನಿನಲ್ಲಿ ಒಂದನ್ನು ಹೊರಗೆ ಕಳಿಸಿ ದಾರಿಯಲ್ಲಿ ಯಾರ ಮನೆಯಲ್ಲಾದರೂ ಇಡುತ್ತಿದ್ದರು. ಸಾಮಾನು ಹೊಸ್ತಿಲು ದಾಟಿದರೆ ಮನುಷ್ಯ ಹೊರಟ ಹಾಗೆಯೇ ಲೆಕ್ಕ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಒಂದೇ ಒಂದು ಕಟ್ಟುಪಾಡು. ಇಟ್ಟ ಸಾಮಾನನ್ನು ದಾರಿಯಲ್ಲೇ ಎತ್ತಿಕೊಂಡು ಮುಂದೆ ಹೋಗಬೇಕೇ ಹೊರತು ಅದು ತಿರುಗಿ ಮನೆಗೆ ಬರಬಾರದು. ಬಂದರೆ ಪ್ರಯಾಣ ಮುರಿದ ಹಾಗೆ.

ನನಗೆ ಅಜ್ಜಿಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಬುಧವಾರ ಬೆಳಿಗ್ಗೆ ಏಳು ಮನೆಯಿಂದಲೂ ಏಳು ಶಾಲೆಯ ಬ್ಯಾಗು ಹೊರಗೆ ಬಂದವು. ಪಟ್ಟಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಒಂದರೊಳಗೆ ಎಲೆಯಡಿಕೆ, ಒಂದರೊಳಗೆ ಹಿಡಿ ಅಕ್ಕಿ. ಮೊಮ್ಮಗಳ ಬ್ಯಾಗಿಗೆ ಅಜ್ಜಿ ಒಂದು ಬೆಲ್ಲದ ಅಚ್ಚನ್ನೂ ತುರುಕಿದ್ದರು. ಆಟೋದಲ್ಲಿ ಹೇರಿಕೊಂಡು ದೊಡ್ಡ ಶಾಲೆಗೆ ತಂದೆ. ಅಲ್ಲಿನ ಹೆಡ್‌ಮಿಸ್ಟ್ರೆಸ್ ಮೀಟಿಂಗಿಗೆ ಹೋಗಿದ್ದರು. ಫೋನ್ ಮಾಡಿದೆ.

"ಕಾಲನಿ ಮಕ್ಕಳ ಬ್ಯಾಗು ಮೇಡಂ. ಇಲ್ಲೇ ಇರಲಿ. ಸೋಮವಾರ ಅವರೇ ಬಂದು ತಗೊಳ್ತಾರೆ."

"ಆಯ್ತು, ನನ್ನ ರೂಮಲ್ಲೇ ಇಡಿಸಿ," ಎಂದರು.

ಅಷ್ಟೇ ಮಾತು. ಎಲ್ಲವೂ ಸರಿಹೋಯಿತೆಂದು ನಾನು ಇನ್ನೊಂದು ಶಾಲೆಯ ಗೋಡೆ ಬಿರುಕಿನ ಫೋಟೋ ತೆಗೆಯಲು ಓಡಿದೆ. ಅದೂ ಅತಿ ತುರ್ತು.

ಶನಿವಾರ ಮಧ್ಯಾಹ್ನ ನಾನು ಮೀಟಿಂಗಿನಲ್ಲಿದ್ದಾಗ ಅಜ್ಜಿಯ ಸೊಸೆಯ ಫೋನು ಬಂತು. ರೆಸಾರ್ಟಿನಿಂದ ಕದ್ದು ಮಾಡುತ್ತಿದ್ದಳು, ದನಿ ಇಳಿದಿತ್ತು. "ಮೇಡಂ, ಬ್ಯಾಗು ವಾಪಸ್ ಬಂದ್ವಂತೆ. ಏಳೂ."

ಆದದ್ದು ಇಷ್ಟು. ಶುಕ್ರವಾರ ಜೋರು ಗಾಳಿಮಳೆ. ಹೆಡ್‌ಮಿಸ್ಟ್ರೆಸ್ ರೂಮಿನ ಹೆಂಚು ಸರಿದು ಬ್ಯಾಗುಗಳ ಮೇಲೆ ನೀರು ಸೋರಿತ್ತು. ಶನಿವಾರ ಎಫ್‌ಸಿ ಮುಗಿದ ವ್ಯಾನು ಕಾಲನಿಯ ದಾರಿ ನೋಡಿಕೊಂಡು ಬರಲು ಹೊರಟಿತ್ತು. ಪಾಪ, ಮಕ್ಕಳು ಮರೆತು ಹೋದ ಬ್ಯಾಗು, ಎರಡು ದಿನ ಓದಿಕೊಳ್ಳಲಿ ಎಂದು ಹೆಡ್‌ಮಿಸ್ಟ್ರೆಸ್ ಏಳನ್ನೂ ವ್ಯಾನಿಗೆ ಹಾಕಿ ಕಳಿಸಿದ್ದರು. ಡ್ರೈವರು ಕುಶಾಲನಗರದವನು, ಮನೆಮಾತು ಮಲಯಾಳಂ, ಬಲು ಉತ್ಸಾಹಿ. ಮನೆಮನೆಯ ಮುಂದೆ ಹಾರ್ನ್ ಹೊಡೆದು, ಜಗಲಿಯ ತನಕ ತಂದು ಕೊಟ್ಟಿದ್ದ. ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದವರು ಕೈಚಾಚಿ ಇಸಿದುಕೊಂಡು ಒಳಗಿಟ್ಟ ಮೇಲೆ ಅದೇನೆಂದು ನೋಡಿದರಂತೆ. ಅಷ್ಟರಲ್ಲಿ ಆಷಾಢ ಹುಟ್ಟಿ ಒಂದು ದಿನವಾಗಿತ್ತು.

ಮೀಟಿಂಗಿನಿಂದ ಎದ್ದು ನೇರ ದೊಡ್ಡ ಶಾಲೆಗೆ ಹೋದೆ. ಗೇಟಿನಿಂದಲೇ ಕೂಗಾಡಿಕೊಂಡು ಹೋದೆ ಎಂದು ಆಮೇಲೆ ಬಿಸಿಯೂಟದ ಅಡುಗೆಯವರು ಹೇಳಿದರು. ಹೆಡ್‌ಮಿಸ್ಟ್ರೆಸ್ ಬಾಳೆಲೆ ಕಡೆಯ ಕೊಡವರು, ನನಗಿಂತ ಹಿರಿಯರು, ಇನ್ನೊಬ್ಬರ ಕೂಗಾಟಕ್ಕೆ ಕೂಗಾಡುವವರಲ್ಲ. ನಾನು ಹೇಳಿದ್ದೆಲ್ಲವನ್ನೂ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡರು.

"ಆಷಾಢದ ಹೊತ್ತಿಗೇ ಬರೋ ನಮ್ಮ ಕಕ್ಕಡ ತಿಂಗಳಲ್ಲಿ ನಾವೂ ಶುಭ ಕೆಲಸ ಮಾಡಲ್ಲ, ಅದು ಗೊತ್ತು. ಆದ್ರೆ ಬ್ಯಾಗ್ ಮೊದಲು ಹೋಗೋದು, ಮಕ್ಕಳು ಆಮೇಲೆ ಹೋಗೋದು ಇದೆಲ್ಲ ನಾನು ಕೇಳೇ ಇಲ್ಲ ಮಾರಾಯ್ರೆ! ಒದ್ದೆಯಾಗಿದ್ದ ಪುಸ್ತಕವನ್ನೆಲ್ಲ ಅಡುಗೆಮನೆ ಒಲೆ ಹತ್ರ ಒಣಗಿಸಿ, ಒಂದೊಂದೇ ತುಂಬಿ ಕಳಿಸಿದೆ. ಒಂದರಲ್ಲಿ ಬೆಲ್ಲ ಕರಗಿ ಎಲ್ಲ ಅಂಟಾಗಿತ್ತು, ಅದನ್ನೂ ತೊಳೆದೆ."

ಬೆಲ್ಲ ತೊಳೆದವರ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳಲಾಗುತ್ತದೆ? ನಾನು ಬಂದು ಅಜ್ಜಿಯನ್ನು ಕೇಳಿಕೊಳ್ಳಲಾ ಎಂದರು. ಬೇಡ ಎಂದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಗಿತ್ತು ನನ್ನ ಸ್ಥಿತಿ.

ಸೋಮವಾರ ವ್ಯಾನು ಕಾಲನಿಯ ಮೋರಿಯ ಹತ್ತಿರ ಬಂದು ನಿಂತಿತು. ಒಬ್ಬರೂ ಬರಲಿಲ್ಲ. ಎಲ್ಲ ಜಗಲಿಗಳಲ್ಲೂ ಜನ ನಿಂತು ಅಜ್ಜಿಯ ಮನೆ ಕಡೆ ನೋಡಿದರು. ಅಜ್ಜಿಯ ಮನೆ ಬಾಗಿಲು ಅರ್ಧ ಹಾಕಿತ್ತು. ವ್ಯಾನು ಖಾಲಿ ಹೋಯಿತು. ಮಂಗಳವಾರವೂ ಹಾಗೆಯೇ.

"ಎಂಥ ಮೇಡಂ ಇದು?" ಡ್ರೈವರು ಸ್ಟೀರಿಂಗಿನ ಮೇಲೆ ಕೈ ಬಡಿದ. "ನಾನು ಸೀಟಿಗೆಲ್ಲ ಹೊಸ ಕವರ್ ಹಾಕಿಸಿ ಬಂದಿದ್ದೇನೆ. ನಾಳೆ ಒಂದು ದಿನ ಬರ್ತೇನೆ ನೋಡಿ. ಗುರುವಾರದಿಂದ ಆಚೆ ಊರಿಗೆ ಹೋಗು ಹೇಳಿದ್ದಾರೆ."

ಇನ್ನು ಒಂದು ಬೆಳಗು ಮಾತ್ರ ಉಳಿದಿತ್ತು. ನಾನು ಆ ಮಧ್ಯಾಹ್ನ ಅಜ್ಜಿಯ ಮನೆಗೆ ಹೋದೆ. ಸಮಾಧಾನವಾಗಿ ಮಾತಾಡಬೇಕು ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಹೋದವಳು ಜಗಲಿ ಹತ್ತುತ್ತಲೇ ಸಿಡಿದೆ.

"ಅಜ್ಜಿ, ನಾಳೆ ಈ ಮಗುವಿನ ಓದು ಹಾಳಾದ್ರೆ ನಿಮ್ಮ ಆಷಾಢ ಬಂದು ಓದಿಸುತ್ತಾ? ಒಂದು ಬ್ಯಾಗು ಹಿಂದೆ ಬಂತು ಅಂತ ಏಳು ಮಕ್ಕಳು ಮನೇಲಿ ಕೂರಬೇಕಾ?"

ಅಜ್ಜಿ ನನ್ನನ್ನೇ ನೋಡಿದರು. ಅವರಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. "ಕೂತ್ಕಳಿ," ಎಂದರು. ನಾನು ಕೂರಲಿಲ್ಲ. "ಕೂತ್ಕಳಿ ಅಂದೆ," ಎಂದರು. ಕೂತೆ.

"ಆವತ್ತೂ ನಿಮ್ಮಂಗೇ ಒಬ್ರು ಬಂದಿದ್ರು ಮೇಡಮ್ಮ, ನಮ್ಮೂರಿಗೆ. ನಿಮ್ಮಂಗೇ ಬಿರಬಿರನೆ ಮಾತು. ಸೋಮವಾರ ಲಾರಿ ಬತ್ತದೆ, ಸಾಮಾನು ಕಟ್ಕಳಿ ಅಂದ್ರು. ಆಷಾಢ ಕಳೀಲಿ ಸ್ವಾಮಿ ಅಂತ ನಮ್ಮತ್ತೆ ಕೈ ಮುಗುದ್ರು. ನೀರು ಕಾಯ್ತದೇನಮ್ಮ ಅಂದ್ರು. ಸರಿ, ಬಂದ್ವಿ. ಬಂದ ತಿಂಗ್ಳಿಗೆ, ತಗಡಿನ ಸೆಡ್ಡಿನಾಗೆ, ನನ್ ಚೊಚ್ಚಲು ಮಗ ಜ್ವರ ಬಂದು ಹೋಯ್ತು. ಇವಳ ಅಪ್ಪ ಆಮೇಲೆ ಹುಟ್ಟಿದ್ದು."

ನಾನು ಏನೋ ಹೇಳಲು ಹೋದೆ. ಅಜ್ಜಿ ಕೈ ತೋರಿಸಿ ತಡೆದರು.

"ಆಷಾಢದಿಂದ್ಲೇ ಹೋಯ್ತು ಅಂತ ನಾನ್ ಅನ್ನಕಿಲ್ಲ. ಸೆಡ್ಡು ಸೋರ್ತಿತ್ತು, ಡಾಕ್ಟ್ರಿರ್ಲಿಲ್ಲ. ನಂಗೂ ಅಷ್ಟು ಬುದ್ಧಿ ಅದೆ. ಆದ್ರೂ ಭಯ ಹೋಯ್ತದಾ? ಇಸ್ಕೂಲು ಕೊಡ್ತೀವಿ ಅಂದಿದ್ಕೆ ಇಲ್ಲಿ ನಿಂತ್ವಿ. ಕೊಟ್ರು, ಸುಳ್ಳು ಹೇಳ್ಬಾರ್ದು. ಈಗ ಅದ್ನೂ ತಗಂಡೋಯ್ತಾ ಅವ್ರೆ. ಅದೂ ಆಷಾಢದಾಗೇ. ಒಂದ್ ತಿಂಗ್ಳು ತಡ್ಕಳಿ ಅಂದ್ರೆ ಯಾರಿಗೂ ಪುರುಸೊತ್ತಿಲ್ಲ."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಸೊಸೆ ಆವತ್ತು ಬೆಳಗಿನ ಪಾಳಿ ಮುಗಿಸಿ ಬೇಗ ಬಂದಿದ್ದಳು, ಕೇಳಿಸಿಕೊಳ್ಳುತ್ತಿದ್ದಳು. ಮೊಮ್ಮಗಳು ಅಂಗಳದಲ್ಲಿ ಒಬ್ಬಳೇ ಕುಂಟಾಬಿಲ್ಲೆ ಆಡುತ್ತಿದ್ದಳು. ತಾನು ಔಟಾದರೆ ತಾನೇ ಇನ್ನೊಬ್ಬಳಾಗಿ ಮುಂದಿನ ಆಟ ಶುರು ಮಾಡುತ್ತಿದ್ದಳು. ಅಜ್ಜಿ ಹೇಳಿದ್ದರಲ್ಲಿ ಯಾವುದು ಸುಳ್ಳು? ನಾನು ತಂದ ಆದೇಶದಲ್ಲಿ ತಾರೀಕು ಹಾಕಿದವರು ಯಾರೂ ಈ ಜಗಲಿಯನ್ನು ನೋಡಿದವರಲ್ಲ. ಆದರೂ ಗುರುವಾರ ವ್ಯಾನು ಆಚೆ ಊರಿಗೆ ಹೋಗುವುದು ಅಷ್ಟೇ ನಿಜವಾಗಿತ್ತು. ನಾಳೆ ಒಂದೇ ದಿನ ಅಜ್ಜಿ ಎಂದಷ್ಟೇ ಹೇಳಿ, ಕೊಟ್ಟ ಕಾಫಿ ಕುಡಿದು ಎದ್ದೆ.

ಬುಧವಾರ ಬೆಳಿಗ್ಗೆ ನಾನು ಕಾಲನಿಗೆ ಹೋಗಬೇಕಾಗಿರಲಿಲ್ಲ. ಹೋಗಿ ಮಾಡುವುದೇನೂ ಇರಲಿಲ್ಲ. ದೋಸೆ ಹೊಯ್ಯಲು ಕಾವಲಿ ಇಟ್ಟವಳು ಒಲೆ ಆರಿಸಿ, ಅರ್ಧ ಒಣಗಿದ ರೈನ್‌ಕೋಟು ಹಾಕಿಕೊಂಡು ಸ್ಕೂಟರು ಹತ್ತಿದೆ. ಆಷಾಢದ ಗಾಳಿ ಸ್ಕೂಟರನ್ನು ರಸ್ತೆಯ ಅಂಚಿಗೆ ತಳ್ಳುತ್ತಿತ್ತು, ಸೋನೆ ಮುಖಕ್ಕೆ ಹೊಡೆಯುತ್ತಿತ್ತು. ನಾನು ಮೋರಿಯ ಹತ್ತಿರ ಬರುವಾಗ ವ್ಯಾನು ಆಗಲೇ ಬಂದು ನಿಂತಿತ್ತು. ಡ್ರೈವರು ಇಂಜಿನ್ ಆಫ್ ಮಾಡಿರಲಿಲ್ಲ. ಜಗಲಿಗಳಲ್ಲಿ ಎಂದಿನಂತೆ ಜನ ನಿಂತಿದ್ದರು.

ಅಷ್ಟರಲ್ಲಿ ಅಜ್ಜಿಯ ಮನೆಯಿಂದ ಸೊಸೆ ಹೊರಗೆ ಬಂದಳು. ಕೈಯಲ್ಲಿ ಮಗಳ ಕೈ. ಮಗಳು ಯೂನಿಫಾರಂ ಹಾಕಿದ್ದಳು, ಜಡೆ ಬಿಗಿಯಾಗಿ ಹೆಣೆದಿತ್ತು. ರೆಸಾರ್ಟಿನ ಜೀಪು ಹೋಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ಇವಳು ಕೆಲಸಕ್ಕೆ ಹೋಗಿರಲಿಲ್ಲ. ಇಬ್ಬರೂ ರಸ್ತೆಗೆ ಇಳಿದು ವ್ಯಾನಿನ ಕಡೆ ನಡೆಯತೊಡಗಿದರು. ಸೊಸೆಯ ಮುಖ ಬಿಳುಚಿಕೊಂಡಿತ್ತು. ಅತ್ತೆಗೆ ಏನು ಹೇಳಿ ಬಂದಳೋ ಎಂದು ನಾನು ಆಗ ಯೋಚಿಸುತ್ತಿದ್ದೆ. 'ಕಳುಸ್ತಾ ಇವ್ನಿ ಅತ್ತೆ' ಎಂದಷ್ಟೇ ಹೇಳಿದ್ದಳಂತೆ, ಅದೂ ಬೆನ್ನು ಹಾಕಿಕೊಂಡು.

ಮನೆಯಿಂದ ವ್ಯಾನಿನವರೆಗೆ ರಸ್ತೆ ಶುಂಠಿ ಹೊಲವನ್ನು ಸುತ್ತಿಕೊಂಡು ಬರುತ್ತದೆ. ಅವರು ಸ್ವಲ್ಪ ದೂರ ಬಂದಿದ್ದರು. ಅಜ್ಜಿ ಜಗಲಿಯಿಂದ ಅಂಗಳಕ್ಕೆ ಇಳಿದದ್ದು ನನಗೆ ಕಾಣಿಸಿತು. ಅವರ ಕೈಯಲ್ಲಿ ಒಂದು ಸಣ್ಣ ಗುಲಾಬಿ ಬಣ್ಣದ ಕೊಡೆ. ಹುಡುಗಿ ಮರೆತು ಬಂದಿದ್ದಳು. ಮಳೆ ಜೋರಾಗುತ್ತಿತ್ತು. ಅಜ್ಜಿ ಕೂಗಲು ಬಾಯಿ ತೆರೆದರು.

ಹೊರಟವರನ್ನು ಹಿಂದಿನಿಂದ ಕೂಗಬಾರದು. ಕೂಗಿದರೆ ಹೊರಟ ಕೆಲಸ ಕೆಟ್ಟಿತೆಂದೇ ಲೆಕ್ಕ. ತಿರುಗಿ ಮನೆಗೆ ಬಂದು, ಕೂತು, ನೀರು ಕುಡಿಯಬೇಕು. ಅತ್ತೆ ಒಂದು ಸಲ ಹೆಸರು ಹಿಡಿದು ಕೂಗಿದ್ದರೆ ಆ ಸೊಸೆ ನಿಲ್ಲುತ್ತಿದ್ದಳು, ನಿಂತವಳು ತಿರುಗುತ್ತಿದ್ದಳು. ಜಗಲಿಗಳಲ್ಲಿ ನಿಂತವರೆಲ್ಲ ಅದನ್ನೇ ಕಾಯುತ್ತಿದ್ದರೇನೋ. ಅಜ್ಜಿ ಬಯಸಿದ್ದು ಒಂದು ಕೂಗಿನಲ್ಲಿ ಆಗಿಹೋಗುತ್ತಿತ್ತು.

ಅಜ್ಜಿ ತೆರೆದ ಬಾಯಿಗೆ ಸೆರಗು ಅಡ್ಡ ಹಿಡಿದರು. ಆ ಕಡೆ ಈ ಕಡೆ ನೋಡಿದರು. ಆಮೇಲೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ರಸ್ತೆ ಬಿಟ್ಟು, ಶುಂಠಿ ಹೊಲಕ್ಕೆ ಇಳಿದರು. ಮಳೆ ನೀರು ತುಂಬಿದ ಸಾಲುಗಳ ನಡುವೆ, ಒಮ್ಮೆ ಕಾಲು ಜಾರಿ ಮಂಡಿಯೂರಿ, ಎದ್ದು, ಮತ್ತೆ ನಡೆದರು. ನಡೆದರು ಎಂದರೆ ತಪ್ಪು, ಓಡಿದರು. ತಾಯಿ ಮಗಳಿಗೆ ಏನೂ ಗೊತ್ತಿರಲಿಲ್ಲ. ಹೊರಟ ಮೇಲೆ ಹಿಂದೆ ತಿರುಗಿ ನೋಡಬಾರದು ಎಂದು ತಲೆ ಬಗ್ಗಿಸಿ ಬರುತ್ತಿದ್ದರು. ಅವರು ವ್ಯಾನು ಮುಟ್ಟುವುದಕ್ಕೂ ಮುಂಚೆ ಅಜ್ಜಿ ಮೋರಿಯ ಪಕ್ಕದಿಂದ ರಸ್ತೆಗೆ ಹತ್ತಿ, ಅವರಿಗೆ ಎದುರಾಗಿ ನಿಂತರು. ಮಂಡಿಯವರೆಗೆ ಕೆಸರು, ಹಣೆಯ ಕುಂಕುಮ ಮೂಗಿನ ಮೇಲೆ ಇಳಿದಿತ್ತು.

ಸೊಸೆ ಕಲ್ಲಿನ ಹಾಗೆ ನಿಂತಳು. "ಅತ್ತೆ..."

"ಕೊಡೆ ಮರ್ತ್ ಬಂದವಳೆ," ಎಂದರು ಅಜ್ಜಿ, ಉಸಿರು ಸಿಗದೆ. "ಹಿಂದಿಂದ ಕೂಗಕ್ಕಾಯ್ತದಾ?"

ಕೊಡೆಯನ್ನು ಮೊಮ್ಮಗಳ ಕೈಗೆ ಕೊಟ್ಟರು. ಸೆರಗಿನ ಒಣ ತುದಿ ಹುಡುಕಿ ಅವಳ ಮುಖ ಒರೆಸಿದರು. ಆಮೇಲೆ ಕೊರಳಿನ ತಾಳಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಮುತ್ತೈದೆ ಎದುರು ಬಂದಿವ್ನಿ ಕಣವ್ವ. ಇದಕ್ಕಿಂತ ಒಳ್ಳೆ ಸಕುನ ಇಲ್ಲ. ಯಾವ ತಿಂಗ್ಳಾದ್ರೇನು, ಹತ್ತು."

ಹುಡುಗಿ ವ್ಯಾನು ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಅತ್ತುಬಿಟ್ಟೆ. ಮಳೆ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ, ಕಂಡಿದ್ದರೂ ನನಗೇನೂ ಅನ್ನಿಸುತ್ತಿರಲಿಲ್ಲ. ಸೊಸೆ ಅತ್ತೆಯ ಕೈ ಹಿಡಿದುಕೊಂಡು ನಿಂತಿದ್ದಳು.

ಜಗಲಿಗಳ ಕಡೆಯಿಂದ ಒಮ್ಮೆಗೇ ಗಲಾಟೆ ಕೇಳಿಸಿತು. ಯಾರೋ ಯಾರಿಗೋ ಬೇಗ ಚಡ್ಡಿ ಹಾಕ್ಕಳೋ ಎಂದು ಗದರುತ್ತಿದ್ದರು, ಯಾರೋ ತಟ್ಟೆ ಎಲ್ಲಿ ಎಂದು ಹುಡುಕುತ್ತಿದ್ದರು, ಒಬ್ಬ ಹುಡುಗ ಒಂದೇ ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಓಡಿ ಬಂದ. ಡ್ರೈವರು ನನ್ನ ಮುಖ ನೋಡಿ ಇಂಜಿನ್ ಆಫ್ ಮಾಡಿದ.

"ಅಜ್ಜಿ, ನೆನೀತಿದ್ದೀರಿ. ಒಳಗೆ ಬಂದು ಕೂತ್ಕೊಳ್ಳಿ," ಎಂದು ವ್ಯಾನಿನ ಬಾಗಿಲು ತೋರಿಸಿದೆ.

"ನೀವ್ ಸುಮ್ನಿರಿ ಮೇಡಮ್ಮ," ಎಂದರು ಅಜ್ಜಿ. ಅವರು ರಸ್ತೆಯ ನಡುವಿನಿಂದ ಕದಲಲಿಲ್ಲ. ಬರುತ್ತಿದ್ದ ಆ ಆರು ಮಕ್ಕಳಿಗೂ ಅವರು ಎದುರಾಗಬೇಕಿತ್ತು.